ಸಾಮಾನ್ಯ ಎಂದು ಬರೆಯಲಾಗದ ಬೇಸಿಗೆ

ಬೇಸಿಗೆ ಮುಗಿಯುತ್ತಲೇ ನಮ್ಮ ಹವಾಮಾನ ವಿಭಾಗ ಪ್ರತಿ ತಾಲೂಕಿಗೂ ಒಂದು ಪದ ಕೊಡಬೇಕು. ಮಾರ್ಚಿನಿಂದ ಮೇ ಕೊನೆಯವರೆಗೆ ಬಿದ್ದ ಮಳೆಯನ್ನು ಕೂಡಿಸಿ, ಹಲವು ವರ್ಷಗಳ ಸರಾಸರಿಯ ಪಕ್ಕಕ್ಕಿಟ್ಟು, ಕೊರತೆ, ಸಾಮಾನ್ಯ, ಅಧಿಕ ಎಂಬ ಮೂರರಲ್ಲಿ ಒಂದನ್ನು ಬರೆದು ಸಹಿ ಹಾಕಬೇಕು. ಬೆಳಗಾವಿಯ ಕಚೇರಿಯಲ್ಲಿ ಆ ಕೆಲಸ ನನ್ನದು. ವಾರಕ್ಕೆರಡು ಸಲ ರೈತರ ಮೊಬೈಲಿಗೆ ಹೋಗುವ ಹವಾಮಾನ ಸಲಹೆ ಬರೆಯುವುದೂ ನನ್ನದೇ. ಉಳಿದ ವರ್ಷಗಳಲ್ಲಿ ಆ ಪದ ಅರ್ಧ ದಿನದ ಕೆಲಸ. ಆ ವರ್ಷ ಖಾನಾಪುರ ತಾಲೂಕಿನ ಒಂದು ಪದಕ್ಕಾಗಿ ಬೈಸಿಕೊಂಡಷ್ಟು ನನ್ನ ನೌಕರಿಯಲ್ಲೇ ನಾನು ಬೈಸಿಕೊಂಡಿಲ್ಲ.

ಬೇಸಿಗೆ ಶುರುವಾದದ್ದೇ ಅಡ್ಡಾದಿಡ್ಡಿ. ಮಾರ್ಚ್ ಬಂದರೂ ಬೆಳಗಾವಿಯ ಸದಾಶಿವನಗರದ ನಮ್ಮ ಮನೆಯಲ್ಲಿ ಬೆಳಿಗ್ಗೆ ಸ್ವೆಟರ್ ಬಿಚ್ಚುವಂತಿರಲಿಲ್ಲ. ಮಧ್ಯಾಹ್ನ ಅದೇ ಅಂಗಳದಲ್ಲಿ ಬರಿಗಾಲಿಡುವಂತಿರಲಿಲ್ಲ. ಮೂಡಣ ಗಾಳಿ ಒಂದು ವಾರ ಒಣಗಿಸಿತು, ಮರುವಾರ ಪಡುವಣ ಗಾಳಿ ತಿರುಗಿ ಮೋಡ ತಂದು ಕೂಡಿಸಿತು. ಏಪ್ರಿಲ್ಲಿನ ಒಂದು ಸಂಜೆ ಖಾನಾಪುರ ತಾಲೂಕಿನ ಪಡುವಣಕ್ಕೆ, ಜಾಂಬೋಟಿಯ ಕಡೆ ಆಲಿಕಲ್ಲು ಬಿದ್ದು ಗೋಡಂಬಿ ಗಿಡಗಳ ಹೂವು, ಹೀಚು ಎಲ್ಲ ನೆಲಕ್ಕೆ ಬಂದವು. ಅದೇ ಸಂಜೆ ತಾಲೂಕಿನ ಮೂಡಣ ಹಳ್ಳಿಗಳಲ್ಲಿ ಬರೀ ಧೂಳೆದ್ದಿತ್ತು. ಖಾನಾಪುರ ಎಂದರೆ ಹಾಗೆಯೇ: ಒಂದು ಮಗ್ಗಲು ಘಟ್ಟದ ಕಾಡಿಗೆ ಆತುಕೊಂಡಿದೆ, ಇನ್ನೊಂದು ಮಗ್ಗಲು ಬಯಲಿಗೆ ಬಿದ್ದಿದೆ. ಎರಡರ ಆಕಾಶ ಎಂದೂ ಒಂದಲ್ಲ. ಆದರೆ ಆ ವರ್ಷದಷ್ಟು ಅವು ಜಗಳಾಡಿದ್ದನ್ನು ನಾನು ಕಂಡಿರಲಿಲ್ಲ.

ಮೇ ಮಧ್ಯದಲ್ಲಿ ಕೊಂಕಣದ ಕಡಲಾಚೆ ವಾಯುಭಾರ ಕುಸಿಯಿತು. ಇಡೀ ತಾಲೂಕಿನ ಮೇಲೆ ಒಂದು ಗಟ್ಟಿ ಮಳೆ ಸುರಿಯಿತು. ಪತ್ರಿಕೆಗಳು ಮುಂಗಾರು ಬೇಗ ಬಂತೆಂದು ಬರೆದವು. ಜನ ಕೂರಿಗೆ ಹೊರತೆಗೆದರು.

ಇಲ್ಲಿ ಭತ್ತದ ಒಂದು ರೀತಿ ಹೇಳಬೇಕು. ಮುಂಗಾರು ಹಿಡಿಯುವ ಮುಂಚೆ, ಬೇಸಿಗೆಯ ಅಡ್ಡಮಳೆಗೆ ನೆಲ ನೆನೆದು ಮತ್ತೆ ಪುಡಿಯಾಗುವ ಹದಕ್ಕೆ, ಖಾನಾಪುರದವರು ಕೂರಿಗೆ ಹೂಡಿ ಒಣ ಬೀಜವನ್ನೇ ಸಾಲಿಗೆ ಬಿಡುತ್ತಾರೆ. ಬಿತ್ತಿದ ಮೇಲೆ ಮಳೆ ಬೆನ್ನು ಹತ್ತಿ ಬರಬೇಕು. ಬಾರದಿದ್ದರೆ ಮೊಳಕೆ ಮಣ್ಣಲ್ಲೇ ಒಣಗುತ್ತದೆ. ಬಿತ್ತುವ ಮುನ್ನವೇ ಮಳೆ ಹಿಡಿದುಕೊಂಡರೆ ಹೊಲ ಕೆಸರಾಗಿ ಕೂರಿಗೆ ಓಡುವುದಿಲ್ಲ. ಆಮೇಲೆ ಸಸಿ ಬೆಳೆಸಿ ಕೈಯಿಂದ ನಾಟಿ ಮಾಡಬೇಕು, ಅದಕ್ಕೆ ಆಳು ಸಿಗುವುದಿಲ್ಲ. ನಡುವೆ ಸಿಗುವ ಒಣ ದಿನಗಳು ಕೆಲವೇ. ಯಾವಾಗ ಬಿತ್ತಬೇಕೆಂದು ಎಲ್ಲರೂ ಕೇಳುತ್ತಿದ್ದರು.

ನಾನು ನೋಡಿದ ನಕ್ಷೆಗಳಲ್ಲಿ ಆ ಮೋಡಗಳ ಹಿಂದೆ ಮುಂಗಾರಿನ ಗಾಳಿ ಇರಲಿಲ್ಲ. ಮುಂಗಾರಿನ ಪಡುವಣ ಗಾಳಿ ನೆಲದಿಂದ ಬಹಳ ಎತ್ತರದವರೆಗೆ ಒಂದೇ ದಿಕ್ಕಿಗೆ ಬೀಸಬೇಕು. ಇಲ್ಲಿ ಮೇಲಿನ ಗಾಳಿ ಇನ್ನೂ ಮೂಡಣದ್ದು. ಕುಸಿತ ಬಡಗಣಕ್ಕೆ ಸರಿದರೆ ಮಳೆ ಕೈಕೊಡುತ್ತದೆ ಎನಿಸಿತು. ಇಡೀ ತಾಲೂಕಿಗೆ ಒಂದೇ ಸಲಹೆ ಹೋಗುವ ಪದ್ಧತಿ. “ಇದು ಮುಂಗಾರಲ್ಲ. ಬಿತ್ತನೆಗೆ ಅವಸರ ಬೇಡ, ಕಾಯಿರಿ,” ಎಂದು ಬರೆದೆ.

ಮರುದಿನವೇ ಬೆಳಗಾವಿಯ ರವಿವಾರ ಪೇಟೆಯಿಂದ ಕಾಕಾನ ಫೋನು. ಕಾಕಾ ಎಂದರೆ ನನ್ನ ತಂದೆಯ ತಮ್ಮ. ಅಲ್ಲಿ ನಮ್ಮ ಮನೆತನದ ಬೀಜದ ಸಗಟು ಅಂಗಡಿ ನಡೆಸುತ್ತಾನೆ. ಅಂಗಡಿಗೆ ಬಾ ಎಂದ. ಹೋದೆ. ಭತ್ತದ ಚೀಲಗಳು ಸೂರು ಮುಟ್ಟಿದ್ದವು. ಗಿರಾಕಿಗಳ ಮುಂದೆಯೇ ಶುರುಮಾಡಿದ.

“ಮೂರು ತಲಿಮಾರಿಂದ ಈ ಅಂಗಡಿ ಬೀಜಾ ಮಾರಿ ಬದಕೇತಿ. ಆ ಅನ್ನಾ ತಿಂದು ಕಲತಾಕಿ ನೀನು. ಈಗ ಬೀಜಾ ಬಿತ್ತಬ್ಯಾಡ್ರಿ ಅಂತ ಊರಿಗೆಲ್ಲ ಡಂಗುರಾ ಸಾರತೀ ಏನ?”

“ಬಿತ್ತಬ್ಯಾಡ್ರಿ ಅಂದಿಲ್ಲ ಕಾಕಾ. ಕಾಯ್ರಿ ಅಂದೀನಿ.”

“ರೈತಗ ಕಾಯೂದು ಅಂದ್ರ ಏನಂತ ಗೊತ್ತೈತೇನ? ಪಂಖಾದ ಕೆಳಗ ಕುಂತು ಕಾಯೂದ ಬ್ಯಾರೆ.”

ಅಂಗಡಿಯಲ್ಲಿದ್ದವರು ನಕ್ಕರು. ಒಬ್ಬ, “ಹವಾಮಾನದವರು ಮಳಿ ಅಂದ್ರ ಛತ್ರಿ ಮನ್ಯಾಗ ಇಡಬೇಕ ನೋಡ್ರಿ,” ಎಂದ. ನಾನು ಚಹಾ ಕುಡಿಯದೆ ಎದ್ದು ಬಂದೆ.

ಮುಂದಿನ ದಿನಗಳಲ್ಲಿ ನನ್ನ ಸಲಹೆ ಮೂಡಣದಲ್ಲಿ ನಿಜವಾಯಿತು, ಪಡುವಣದಲ್ಲಿ ಸುಳ್ಳಾಯಿತು. ಕುಸಿತ ಬಡಗಣಕ್ಕೇನೋ ಸರಿಯಿತು. ಆದರೆ ಹೋಗುತ್ತ ಹೋಗುತ್ತ ಕಡಲಿನ ಮೋಡಗಳನ್ನು ಘಟ್ಟದ ನೆತ್ತಿಗೆ ತಂದು ಕಟ್ಟಿಹಾಕಿತು. ಜಾಂಬೋಟಿಯಲ್ಲಿ ಮಳೆ ನಿಲ್ಲಲೇ ಇಲ್ಲ. ಮೂಡಣದಲ್ಲಿ ಬಿಸಿಲು ಬಿತ್ತು, ಬಿಸಿ ಗಾಳಿ ಬೀಸಿತು, ಮಣ್ಣು ಬಿರುಕು ಬಿಟ್ಟಿತು. ವಿಪರೀತ ಎಂದರೆ ಮೂಡಣದವರಲ್ಲಿ ಬಹಳಷ್ಟು ಜನ ಪತ್ರಿಕೆ ನಂಬಿ ಬಿತ್ತಿಬಿಟ್ಟಿದ್ದರು, ಮೊಳಕೆ ಒಣಗಿತು. ಪಡುವಣದವರಲ್ಲಿ ಬಹಳಷ್ಟು ಜನ ನನ್ನ ಮಾತು ನಂಬಿ ಕಾದಿದ್ದರು. ಹೊಲ ಕೆಸರಾಗಿ ಕೂರಿಗೆಯ ದಿನಗಳು ಕೈತಪ್ಪಿಹೋದವು.

ಫೋನುಗಳು ಎರಡೂ ಕಡೆಯಿಂದ ಬಂದವು. ಜಾಂಬೋಟಿಯ ಹತ್ತಿರದ ಹಳ್ಳಿಯ ಒಬ್ಬ ರೈತ ಮೊದಲ ದಿನ ಮರಾಠಿಯಲ್ಲಿ ಬೈದ, ಎರಡನೆಯ ದಿನ ಕನ್ನಡದಲ್ಲಿ. “ನೀವು ಥಾಂಬಾ ಅಂದ್ರಿ, ನಿಂತೆ. ಬಾಜೂದಾವ ನಿಮ್ಮ ಮಾತ ಕೇಳಲಿಲ್ಲ, ಮೊದಲನೇ ಮಳಿ ಮರುದಿನಾನ ಕೂರಗಿ ಹೊಡದ. ಅವನ ಸಾಲ ಹಸರಾಗಿ ಎದ್ದಾವ. ನನ್ನ ಹೊಲದಾಗ ಕಪ್ಪಿ ಒದರಾಕತ್ಯಾವ. ಏನ ಮಾಡ್ಲಿ ಹೇಳ್ರಿ?” ಸಸಿಮಡಿ ಹಾಕಿ ಎಂದೆ. “ಅದನ್ನ ಹೇಳಾಕ ನೀವ ಬೇಕೇನ್ರಿ?” ಎಂದು ಫೋನ್ ಕತ್ತರಿಸಿದ. ಎರಡು ಆಕಾಶಗಳಿಗೆ ಒಂದು ಸಲಹೆ ಬರೆಯುವ ಪದ್ಧತಿಯಲ್ಲಿ ಒಬ್ಬನಿಗೆ ಸುಳ್ಳು ಹೇಳದೆ ಇನ್ನೊಬ್ಬನಿಗೆ ಖರೇ ಹೇಳಲು ಬರುತ್ತಿರಲಿಲ್ಲ.

ಮೇ ಮುಗಿಯಿತು. ಪದ ಬರೆಯುವ ಹೊತ್ತು ಬಂತು. ಈ ಸಲ ಆ ಪದಕ್ಕೆ ತೂಕವಿತ್ತು. ತಾಲೂಕು ‘ಕೊರತೆ’ ಎಂದಾದರೆ ಮೊಳಕೆ ಕಳೆದುಕೊಂಡವರಿಗೆ ಮರುಬಿತ್ತನೆಯ ಬೀಜ ಸರಕಾರದಿಂದ ಬರುತ್ತದೆ. ‘ಸಾಮಾನ್ಯ’ ಎಂದಾದರೆ ಒಂದು ಕಾಳೂ ಇಲ್ಲ.

ಹೋಬಳಿಗಳ ಮಳೆಮಾಪಕಗಳ ಲೆಕ್ಕ ತೆಗೆದೆ. ಕೂಡಿಸಿದೆ, ಭಾಗಿಸಿದೆ. ಸಾಮಾನ್ಯ. ಬರೀ ಸಾಮಾನ್ಯವಲ್ಲ, ಹಳೆಯ ಸರಾಸರಿಯ ಮೇಲೆ ಇಟ್ಟರೆ ಗೆರೆ ಗೆರೆಗೆ ಕೂಡುವಷ್ಟು ಸಾಮಾನ್ಯ. ಉಷ್ಣಾಂಶದ್ದೂ ಹಾಗೆಯೇ. ಚಳಿಯ ಬೆಳಗು, ಸುಡುವ ಮಧ್ಯಾಹ್ನ ಒಂದನ್ನೊಂದು ನುಂಗಿ ಹಿತವಾದ ಬೇಸಿಗೆ ಎಂಬಂತೆ ಕಾಣುತ್ತಿತ್ತು. ಆ ಅಂಕಿಯನ್ನು ನೋಡಿದವನಿಗೆ ಖಾನಾಪುರದಲ್ಲಿ ಏನೂ ನಡೆದೇ ಇಲ್ಲ ಎನಿಸುತ್ತಿತ್ತು.

ನಮ್ಮ ಹಿರಿಯ ಅಧಿಕಾರಿಗಳು ಹಾಳೆ ನೋಡಿ, “ಛಲೋ ಆತು, ಸಹಿ ಮಾಡ್ರಿ,” ಎಂದರು.

“ಸರ್, ಮೂಡಣದಾಗ ಹೊಲಾ ಒಣಗ್ಯಾವ. ಅಲ್ಲಿ ಮಾಪಕ ಮಾತ್ರ ಮಳಿ ತೋರಸಾಕತ್ತೈತಿ. ಒಂದ ಸಲ ನೋಡಿ ಬರ್ತೀನ್ರಿ.”

“ನೋಡೂದೇನೈತಿ ಅದರಾಗ? ಪ್ರತಿ ವಾರ ಆ ಅಂಕಿ ಮ್ಯಾಲ ಕಳಿಸಿವಿ. ಈಗ ತಪ್ಪೈತಿ ಅಂದ್ರ ನಮ್ಮನ್ನ ಕೇಳ್ತಾರ, ಇಷ್ಟ ದಿನಾ ಏನ ಮಾಡ್ತಿದ್ರಿ ಅಂತ. ನಿಮ್ಮ ‘ಕಾಯಿರಿ’ ಸಂಭಾಳಿಸೋದ ಸಾಕಾಗೇತಿ ನನಗ.”

ಅವರು ಕೆಟ್ಟ ಮನುಷ್ಯರಲ್ಲ. ಆದರೆ ಎರಡು ವಾರಗಳಿಂದ ರೈತರ ಮನವಿ, ಶಾಸಕರ ಫೋನು, ಪತ್ರಿಕೆಯವರ ಪ್ರಶ್ನೆ ಎಲ್ಲ ಅವರ ಮೇಜಿಗೆ ಬರುತ್ತಿದ್ದವು. ಎಲ್ಲಕ್ಕೂ ನಾನೇ ಕಾರಣ ಎಂಬಂತೆ ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದರು.

ಸಹಿ ಹಾಕಲಿಲ್ಲ. ಕೂತು ಮೂಡಣದ ಮಾಪಕದ ದಾಖಲೆಯನ್ನು ದಿನ ದಿನಕ್ಕೆ ಬಿಡಿಸಿದೆ. ಅದು ತಾನೇ ಅಳೆದು ತಾನೇ ಕಳಿಸುವ ಯಂತ್ರ. ಒಳಗೆ ತಕ್ಕಡಿಯಂತೆ ಎರಡು ಪುಟ್ಟ ಬಟ್ಟಲು. ಒಂದು ತುಂಬಿದರೆ ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೇಳುತ್ತದೆ. ಎಷ್ಟು ಸಲ ವಾಲಿತೋ ಅಷ್ಟು ಮಳೆ. ಅದೇ ಕಂಬದ ಮೇಲೆ ಬಿಸಿಲು, ಉಷ್ಣಾಂಶ, ತೇವ ಅಳೆಯುವ ಸಾಧನಗಳೂ ಇವೆ. ಎಲ್ಲವನ್ನೂ ಒಂದರ ಕೆಳಗೊಂದು ಇಟ್ಟು ನೋಡಿದೆ. ಮೇ ಕೊನೆಯ ಒಣ ದಿನಗಳಲ್ಲಿ, ಬಹುತೇಕ ಪ್ರತಿ ಬೆಳಿಗ್ಗೆ ಬಟ್ಟಲು ವಾಲಿತ್ತು. ಅದೇ ಗಳಿಗೆಯಲ್ಲಿ ಬಿಸಿಲು ಪೂರ್ತಿ ಇತ್ತು, ಉಷ್ಣಾಂಶ ಏರುತ್ತಲೇ ಇತ್ತು. ಮಳೆ ಬಂದರೆ ಗಾಳಿ ಒಂದಿಷ್ಟಾದರೂ ತಂಪಾಗಬೇಕು. ಆಗಿರಲಿಲ್ಲ.

ಮಾಪಕಗಳನ್ನು ದುರಸ್ತಿ ಮಾಡುವ ನಮ್ಮ ತಂತ್ರಜ್ಞನನ್ನು ಕರೆದುಕೊಂಡು ಜೀಪಿನಲ್ಲಿ ಹೊರಟೆ. ಅವನು ದಾರಿಯುದ್ದಕ್ಕೂ ಗೊಣಗಿದ. “ಮಂದಿ ಉರದ ಕುಂತಾರ್ರಿ ಮೇಡಂ. ಅಂಥಾದರಾಗ ನಾವಾಗೇ ಹೋಗಿ ಮುಂದ ನಿಂದ್ರೂದಂದ್ರ...”

ಊರು ಮುಟ್ಟುತ್ತಲೇ ಅವನ ಮಾತು ಖರೇ ಆಯಿತು. ಕಚೇರಿಯ ಜೀಪು ನೋಡಿ ಜನ ಪಂಚಾಯಿತಿಯ ಮುಂದೆ ಸೇರಿದರು. ಮುಂದೆ ನಿಂತವಳು ಐವತ್ತರ ಆಸುಪಾಸಿನ ಹೆಂಗಸು. ಸೊಂಟಕ್ಕೆ ಸೆರಗು ಬಿಗಿದಿದ್ದಳು. ತನ್ನ ಹೊಲ ತಾನೇ ಮಾಡುವವಳು ಎಂದು ಆಮೇಲೆ ತಿಳಿಯಿತು. ಮುಷ್ಟಿಯಲ್ಲಿದ್ದ ಮಣ್ಣನ್ನು ಜೀಪಿನ ಬಾನೆಟ್ಟಿನ ಮೇಲೆ ಸುರಿದಳು. ಮಣ್ಣಿನಲ್ಲಿ ಕಂದು ಬಣ್ಣಕ್ಕೆ ತಿರುಗಿ ನೂಲಿನಂತಾದ ಮೊಳಕೆಗಳಿದ್ದವು.

“ನೋಡ್ರಿ ಬಾಯಾರ. ಇದಕ್ಕ ಮಳಿ ಆಗೇತಿ ಅಂತ ಬರದೀರಂತಲ್ಲ? ಮಳಿ ನಿಮ್ಮ ಮಶೀನ ಕುಡದೈತಿ, ನಮ್ಮ ಹೊಲಾ ಕುಡದಿಲ್ಲ.”

“ಅದನ್ನ ನೋಡಾಕ ಬಂದೀನ್ರಿ.”

“ನೋಡಾಕ ಬಂದೀರೋ, ಮುಚ್ಚಾಕ ಬಂದೀರೋ?”

ಹಿಂದಿನಿಂದ ಒಬ್ಬ ಜೀಪಿನ ಕೀಲಿ ಕಸಿಯಿರಿ ಎಂದು ಕೂಗಿದ. ತಂತ್ರಜ್ಞ ಕೀಲಿ ಕಿಸೆಗೆ ಹಾಕಿಕೊಂಡು ನನ್ನ ಹಿಂದೆ ಸರಿದ. ಮಾಪಕ ಪಂಚಾಯಿತಿಯ ತಾರಸಿಯ ಮೇಲಿತ್ತು. ಯಾರು ಬೇಕಾದರೂ ನನ್ನ ಜೊತೆ ಮೇಲೆ ಬರಲಿ ಎಂದೆ. ಆ ಹೆಂಗಸು ಮೊದಲು ಮೆಟ್ಟಿಲು ಹತ್ತಿದಳು.

ಮೇಲೆ ಹೋಗಿ ನಿಂತಾಗ ಕಂಡದ್ದು ಇಷ್ಟು: ಮಾಪಕದ ಮಗ್ಗುಲಿಗೇ, ಅದಕ್ಕಿಂತ ಎತ್ತರದಲ್ಲಿ, ಕುಡಿಯುವ ನೀರಿನ ಹೊಸ ಪ್ಲಾಸ್ಟಿಕ್ ಟಾಕಿ. ಮಾಪಕ ಹಾಕಿದಾಗ ಅದು ಅಲ್ಲಿರಲಿಲ್ಲ. ಟಾಕಿಯ ಮಗ್ಗುಲಿನಲ್ಲಿ ನೀರು ಇಳಿದು ಬಿಳಿ ಬರೆ ಬಿದ್ದಿತ್ತು. ಪಂಪು ಚಾಲೂ ಮಾಡಿ ಎಂದು, ನಮ್ಮ ಜೊತೆ ಹತ್ತಿ ಬಂದಿದ್ದ ಪಂಚಾಯಿತಿಯ ಕಾರ್ಯದರ್ಶಿಗೆ ಹೇಳಿದೆ.

“ಯಾಕ್ರಿ? ನಮ್ಮ ಟಾಕಿಗೂ ನಿಮ್ಮ ಮಳಿಗೂ ಏನ ಸಂಬಂಧ? ತಪ್ಪ ನಮ್ಮ ಕೊರಳಿಗೆ ಕಟ್ಟಾಕ ಬಂದೀರಿ ಏನ?”

“ನೀವ ಚಾಲೂ ಮಾಡದಿದ್ರ ನಾ ಮಾಡ್ತೀನಿ,” ಎಂದು ಆ ಹೆಂಗಸೇ ಕೆಳಗಿಳಿದು ಗುಂಡಿ ಒತ್ತಿ ಬಂದಳು.

ಎಲ್ಲರೂ ಬಿಸಿಲಲ್ಲಿ ನಿಂತೆವು. ಟಾಕಿ ತುಂಬಿತು. ಮೇಲಿನ ಕೊಳವೆಯಿಂದ ನೀರು ಉಕ್ಕಿತು. ಗಾಳಿ ಅದನ್ನು ಒಂದು ಮಗ್ಗುಲಿಗೆ ಹಾರಿಸಿ ಮಾಪಕದ ಬಾಯಿಗೆ ಹನಿಸತೊಡಗಿತು. ತಂತ್ರಜ್ಞ ಮಾಪಕದ ಡಬ್ಬಿ ಬಿಚ್ಚಿ ತೋರಿಸಿದ. ಬಟ್ಟಲು ಟಕ್ ಎಂದು ವಾಲಿತು. ಸ್ವಲ್ಪ ತಡೆದು ಇನ್ನೊಂದು ಟಕ್. ನನ್ನ ಮೊಬೈಲಿನಲ್ಲಿ ಆ ಊರಿನ ಹೆಸರಿನ ಮುಂದೆ ಮಳೆಯ ಅಂಕಿ ಏರಿತು. ಅದನ್ನು ಎಲ್ಲರಿಗೂ ಹಿಡಿದು ತೋರಿಸಿದೆ. ತಲೆಯ ಮೇಲೆ ಒಂದು ಮೋಡವೂ ಇರಲಿಲ್ಲ.

ಮೊದಲು ಯಾರೋ ನಕ್ಕರು. ನಗು ಬೇಗ ಅಡಗಿತು. ಕಾರ್ಯದರ್ಶಿಯ ಕೊರಳಪಟ್ಟಿಗೆ ಒಬ್ಬ ಕೈ ಹಾಕಿದ. ಬಿಡಿಸಲು ಹೋದ ನನ್ನ ಮೊಣಕೈ ಗೋಡೆಗೆ ತಗುಲಿ ಸುಲಿಯಿತು. “ಆ ಮನಷ್ಯಾನ್ನ ಬಿಡ್ರಿ. ಮಶೀನ್ ಎಲ್ಲೈತಿ ಅಂತ ನೋಡೂದು ನಮ್ಮ ಕೆಲಸ, ಅವರದಲ್ಲ,” ಎಂದೆ. ಆ ಹೆಂಗಸು ನನ್ನ ಮೊಣಕೈ ನೋಡಿ ಮೆಟ್ಟಿಲಿಳಿದಳು.

ವಾಪಸು ಬರುವಾಗ ನನಗೆ ಸುಳ್ಳು ಮಳೆ ತೆಗೆದುಹಾಕುವುದು ಸುಲಭ ಎನಿಸಿತ್ತು. ತೆಗೆದೆ. ತಾಲೂಕಿನ ಸರಾಸರಿ ಕೆಳಗಿಳಿದು ‘ಕೊರತೆ’ಗೆ ಬಂತು. ಇಡೀ ತಾಲೂಕಿಗೆ ಬೀಜ. ಒಂದು ಗಳಿಗೆ ಹಗುರಾದೆ.

ಆದರೆ ಒಂದನ್ನು ಪರೀಕ್ಷಿಸಿದ ಮೇಲೆ ಎಲ್ಲವನ್ನೂ ಪರೀಕ್ಷಿಸಬೇಕು. ಅದು ಈ ಕೆಲಸದ ಮೊದಲ ನಿಯಮ. ಜಾಂಬೋಟಿಯ ಮಾಪಕದ ದಾಖಲೆ ಬಿಡಿಸಿದೆ. ಅದರಲ್ಲಿ ಬೇರೆ ರೋಗ. ಜಡಿಮಳೆಯ ದಿನಗಳಲ್ಲೂ ಅಂಕಿ ಹನಿಹನಿಯಾಗಿ ಮೆಲ್ಲನೆ ಏರಿತ್ತು. ಮರುದಿನ ಅಲ್ಲಿಗೆ ಹೋದೆವು. ಮಳೆ ಸುರಿಯುತ್ತಲೇ ಇತ್ತು. ಮಾಪಕದ ಬಾಯಿಯ ಜರಡಿಗೆ ಕೊಳೆತ ಎಲೆ, ಹೂವಿನ ಕಸ ಮೆತ್ತಿ, ನೀರು ಒಳಗಿಳಿಯದೆ ಅಂಚು ಮೀರಿ ಹೊರಗೆ ಚೆಲ್ಲುತ್ತಿತ್ತು. ಬಿದ್ದ ಮಳೆಯ ಒಂದು ಪಾಲನ್ನಷ್ಟೇ ಅದು ಎಣಿಸಿತ್ತು. ಸಮೀಪದ ಅರಣ್ಯ ಇಲಾಖೆಯ ಠಾಣೆಯಲ್ಲಿ ಹಳೆಯ ಮಾದರಿಯ ಮಾಪಕವಿತ್ತು. ದಿನವೂ ಬೆಳಿಗ್ಗೆ ಕಾವಲುಗಾರ ಅದರ ನೀರನ್ನು ಗಾಜಿನ ಅಳತೆಗೆ ಸುರಿದು ಓದುತ್ತಾನೆ. ಅಲ್ಲಿಯ ಲೆಕ್ಕ ನಮ್ಮದಕ್ಕಿಂತ ಬಹಳ ಹೆಚ್ಚಿತ್ತು. ರಾತ್ರಿ ಅಲ್ಲೇ ಉಳಿದು, ಬೆಳಿಗ್ಗೆ ನನ್ನ ಎದುರಿಗೇ ಒಂದು ದಿನದ ನೀರು ಅಳೆಸಿ, ಸ್ವಚ್ಛ ಮಾಡಿದ ನಮ್ಮ ಮಾಪಕಕ್ಕೆ ಹೋಲಿಸಿದೆ. ಎರಡೂ ಕೂಡಿದವು. ಠಾಣೆಯ ಅಂಕಿ ನಂಬಬಹುದಿತ್ತು.

ಅದನ್ನು ಸೇರಿಸಿದರೆ ಏನಾಗುತ್ತದೆಂದು ಜೀಪಿನಲ್ಲೇ ಲೆಕ್ಕ ಹಾಕಿದೆ. ಪಡುವಣದ ಹೆಚ್ಚಳ ಮೂಡಣದ ಕೊರತೆಯನ್ನು ತುಂಬಿ ತಾಲೂಕು ಮತ್ತೆ ‘ಸಾಮಾನ್ಯ’ವಾಯಿತು.

ತಂತ್ರಜ್ಞ ಗಾಜಿನ ಮೇಲಿನ ನೀರು ಒರೆಸುತ್ತ ನನ್ನ ಮೊಬೈಲಿನತ್ತ ನೋಡಿದ. “ಮೇಡಂ, ಒಂದ ಮಾತ ಹೇಳ್ತೀನ್ರಿ. ಜಾಂಬೋಟಿ ಮಶೀನ್ ಕೆಟ್ಟಿತ್ತು ಅಂತ ಬರದು ಬಿಟ್ಟಬಿಡ್ರಿ. ಅದು ಸುಳ್ಳಲ್ಲ, ಕೆಟ್ಟೇ ಇತ್ತು. ಠಾಣೆದ ಸುದ್ದಿ ಎತ್ತಬ್ಯಾಡ್ರಿ. ತಾಲೂಕಿಗೆಲ್ಲಾ ಬೀಜಾ ಬರ್ತೈತಿ. ಇಲ್ಲೇ ಕಾಯ್ದು ಕೆಟ್ಟವರಿಗೂ ಬರ್ತೈತಿ. ಯಾರಿಗೆ ಲುಕ್ಸಾನ ಐತ್ರಿ ಇದರಾಗ?”

ಯಾರಿಗೂ ಇರಲಿಲ್ಲ. ಅದೇ ಕಷ್ಟದ ಮಾತು. ಜೀಪಿನ ಹೊರಗೆ ಹೊಲಗಳೆಲ್ಲ ಕೆರೆಯಂತೆ ನಿಂತಿದ್ದವು. ಅವುಗಳಲ್ಲಿ ಯಾವುದೋ ಒಂದು ನನಗೆ ಫೋನ್ ಮಾಡಿ ಬೈದವನದು. ನಾನು ಸುಮ್ಮನಿದ್ದರೆ ಅವನಿಗೂ ಒಂದು ಚೀಲ ಬೀಜ ಬರುತ್ತಿತ್ತು, ನನ್ನ ಸಲಹೆಯ ಗಾಯಕ್ಕೆ ಸ್ವಲ್ಪ ಮುಲಾಮು. ಖಾನಾಪುರ ತಾಲೂಕು ದಾಟುವವರೆಗೂ ಆ ಮಾತು ತಲೆಯಲ್ಲಿ ತಿರುಗಿತು. ಆದರೆ ಮಳೆಯಲ್ಲಿ ನೆನೆದು ಬಂದು ಕೂತು, ಈ ನೆಲಕ್ಕೆ ಮಳೆ ಕಡಿಮೆ ಎಂದು ಹೇಗೆ ಬರೆಯಲಿ? ಒಳ್ಳೆಯ ಕಾರಣಕ್ಕೆ ಗೊತ್ತಿದ್ದ ಅಂಕಿ ಮುಚ್ಚಿಟ್ಟರೆ, ನಾಳೆ ಇನ್ನೊಬ್ಬರು ತಮ್ಮ ಒಳ್ಳೆಯ ಕಾರಣ ತಂದು ಮುಂದಿಡುತ್ತಾರೆ. ಆಗ ನೀರಿನ ಟಾಕಿಗೂ ನನಗೂ ವ್ಯತ್ಯಾಸವೇನು?

ಬೆಳಗಾವಿ ಮುಟ್ಟುವ ಹೊತ್ತಿಗೆ ನಿರ್ಧಾರ ಮಾಡಿದ್ದೆ. ಸುಳ್ಳು ಇದ್ದದ್ದು ಸರಾಸರಿಯಲ್ಲಲ್ಲ, ಸರಾಸರಿ ತೆಗೆಯುವುದರಲ್ಲೇ. ಹಾಗಾಗಿ ತಾಲೂಕಿಗೆ ಪದ ಕೊಡುವುದಿಲ್ಲ. ಎರಡೂ ಮಾಪಕಗಳ ದೋಷ ಬರೆದೆ, ತಿದ್ದಿದ ಅಂಕಿ ಬರೆದೆ. ಕೆಳಗೆ, ‘ಮೂಡಣ ಹೋಬಳಿಗಳು ಕೊರತೆ, ಪಡುವಣ ಹೋಬಳಿಗಳು ಅಧಿಕ, ತಾಲೂಕಿಗೆ ಒಂದೇ ಪದ ಹೇಳಿದರೆ ಎರಡೂ ಕಡೆ ಸುಳ್ಳಾಗುತ್ತದೆ,’ ಎಂದು ಬರೆದು ಸಹಿ ಹಾಕಿದೆ.

ಹಿರಿಯ ಅಧಿಕಾರಿಗಳು ಓದಿ ಹಾಳೆಯನ್ನು ಮೇಜಿನ ಮೇಲೆ ಒಗೆದರು.

“ತಾಲೂಕಿಗೆ ಒಂದ ಪದಾ ಕೇಳ್ಯಾರ. ನೀವು ಕಥಿ ಬರಕೊಂಡ ಬಂದೀರಿ.”

“ಒಂದ ಪದಾ ಇಲ್ರಿ ಸರ್, ಹೆಂಗ ಕೊಡ್ಲಿ?”

“ಬ್ಯಾರೆದವರ ಕಡೆ ಬರಸ್ತೀನಿ.”

“ಬರಸ್ರಿ. ಅದರ ಜೋಡಿ ಇದನ್ನೂ ಕಳಿಸಬೇಕಾಗ್ತೈತಿ. ಇಲ್ಲಂದ್ರ ನಾಳೆ ಖಾನಾಪುರದಾಗ ತಹಶೀಲ್ದಾರರು ಕರದ ರೈತರ ಸಭಾದಾಗ ಕೇಳಿದ್ರ ನಾ ಇದನ್ನ ಹೇಳ್ತೀನಿ. ತಾರಸಿ ಮ್ಯಾಲ ಅರ್ಧಾ ಊರ ನೋಡೇತಿ ಸರ್, ಮುಚ್ಚಾಕ ಬರೂದಿಲ್ಲ.”

ಅವರು ಹಾಳೆಯನ್ನು ನನ್ನ ಕಡೆಗೇ ತಳ್ಳಿದರು. “ನೀವ ಹೇಳ್ರಿ ಹಂಗಾರ. ನಾ ನಿಮ್ಮ ಬಾಜು ಕೂಡೂದಿಲ್ಲ,” ಎಂದರು.

ಕೂಡಲೂ ಇಲ್ಲ. ಖಾನಾಪುರದ ಸಭೆಯಲ್ಲಿ ವೇದಿಕೆಯ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು, ನಡುವೆ ತಹಶೀಲ್ದಾರರು. ಸಭಾಂಗಣ ತುಂಬಿ ಮೆಟ್ಟಿಲವರೆಗೆ ಜನ. ನಾನು ಎದ್ದು ನಿಂತಾಗಲೇ ಸಿಳ್ಳೆ ಬಿತ್ತು. ಕಡಲಿನ ಕುಸಿತದಿಂದ ಹಿಡಿದು ಟಾಕಿ, ಜರಡಿ, ಠಾಣೆಯ ಲೆಕ್ಕ ಎಲ್ಲ ಹೇಳಿದೆ. ಕನ್ನಡದಲ್ಲಿ ಹೇಳಿ, ಪಡುವಣದವರಿಗಾಗಿ ಮರಾಠಿಯಲ್ಲೂ ಹೇಳಿದೆ. ಎರಡೂ ಭಾಷೆಯಲ್ಲಿ ಬೈಗುಳ ಬಂದವು. ತಹಶೀಲ್ದಾರರು ಹೋಬಳಿವಾರು ತೀರ್ಮಾನ ಮಾಡಲು ತಮಗೆ ಅಧಿಕಾರವಿದೆಯೇ ಎಂದು ಪಕ್ಕದವರೊಡನೆ ಚರ್ಚಿಸಿ, ಮೂಡಣ ಹೋಬಳಿಗಳಿಗೆ ಮರುಬಿತ್ತನೆಯ ಬೀಜ ಕೊಡಿಸುವ ಶಿಫಾರಸು ಅಲ್ಲಿಯೇ ಬರೆಸಿದರು.

ಆಗ ಹಿಂದಿನ ಸಾಲಿನಿಂದ ಒಬ್ಬ ಎದ್ದ. ಮೊಣಕಾಲಿನವರೆಗೆ ಕೆಸರು ಒಣಗಿತ್ತು. ದನಿ ಕೇಳುತ್ತಲೇ ಯಾರೆಂದು ಗೊತ್ತಾಯಿತು. ಫೋನಿನಲ್ಲಿ ಕಪ್ಪೆಯ ಮಾತು ಹೇಳಿದವನು.

“ಬಾಯಿ, ನಾ ನಿಮ್ಮ ಮಾತ ಕೇಳಿದಾಂವ. ಅವರು ಕೇಳದ ಬಿತ್ತಿದ್ರು. ಅವರಿಗೆ ಬೀಜಾ. ನನಗೇನ?”

ಎಲ್ಲರೂ ನನ್ನ ಕಡೆ ತಿರುಗಿದರು.

“ನಿಮಗ ಕೊಡಾಕ ಏನೂ ಇಲ್ರಿ,” ಎಂದೆ. “ಮಳಿ ಹೆಚ್ಚಾಗಿ ಬಿತ್ತಾಕ ಆಗದವರಿಗೆ ಯಾವ ನಿಯಮದಾಗೂ ಜಾಗಾ ಇಲ್ಲ. ನಿಮ್ಮ ಲುಕ್ಸಾನ ಖರೇ ಐತಿ ಅಂತ ಬರದೀನಿ. ಅದರಿಂದ ನಿಮಗ ಬೀಜಾ ಬರೂದಿಲ್ಲ. ಇನ್ನಮ್ಯಾಲೆ ನಿಮ್ಮ ಕಡೆಗೊಂದು, ಮೂಡಣಕ್ಕೊಂದು ಸಲಹಾ ಬ್ಯಾರೆ ಬ್ಯಾರೆ ಕಳಿಸ್ತೀನಿ.”

“ಮುಂದಿನ ವರ್ಷ?”

“ಈ ವಾರದಿಂದಾನ.”

“ನನಗ ಕಳಿಸಬ್ಯಾಡ್ರಿ,” ಎಂದ. ಮೊಬೈಲ್ ಎತ್ತಿ, ನನ್ನ ಎದುರಿಗೇ ನಮ್ಮ ಸಲಹೆಯ ಗುಂಪಿನಿಂದ ಹೊರಬಿದ್ದು, ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿ ಹೊರಟುಹೋದ. ಅವನ ಹಿಂದೆ ಪಡುವಣದ ಒಂದಿಷ್ಟು ಜನ ಎದ್ದು ಹೋದರು. ಅವನ ಹೆಸರು ಇಂದಿಗೂ ಆ ಗುಂಪಿನಲ್ಲಿಲ್ಲ. ಆಳು ಸಿಗದೆ ಅರ್ಧ ಹೊಲಕ್ಕಷ್ಟೇ ನಾಟಿ ಮಾಡಿದನೆಂದು ಆಮೇಲೆ ಕೇಳಿದೆ. ಬೈದವರಲ್ಲಿ ಹೆಚ್ಚಿನವರನ್ನು ಮರೆತಿದ್ದೇನೆ. ಅವನನ್ನು ಮರೆಯಲು ಆಗಿಲ್ಲ.

ಬೇರೆ ಬೇರೆ ಸಲಹೆ ಕಳಿಸುವುದಕ್ಕೂ ಕಚೇರಿ ಸುಲಭಕ್ಕೆ ಒಪ್ಪಲಿಲ್ಲ. ನಾನು ಕೇಳದೆ ಎರಡು ಬರೆದು ಎರಡು ಕಳಿಸತೊಡಗಿದೆ. ಯಾರೂ ತಡೆಯಲಿಲ್ಲ, ಯಾರೂ ಒಪ್ಪಿಗೆಯನ್ನೂ ಕೊಡಲಿಲ್ಲ. ಹಿರಿಯ ಅಧಿಕಾರಿಗಳು ನನ್ನೊಡನೆ ಕಡತದ ಮೂಲಕ ಮಾತ್ರ ಮಾತಾಡುತ್ತಿದ್ದರು. ಸರಕಾರದ ಬೀಜ ಬಂದದ್ದರಿಂದ ರವಿವಾರ ಪೇಟೆಯಲ್ಲಿ ವ್ಯಾಪಾರ ಕುಂತಿತೆಂದು ಕಾಕಾ ಮುನಿದಿದ್ದಾನೆ, ಮನೆಯ ಮುಂಜಿವೆಗೂ ನನ್ನನ್ನು ಕರೆಯುವುದಿಲ್ಲವಂತೆ ಎಂದು ಅಮ್ಮ ಹೇಳಿದಳು. ಮುಂಜಿವೆ ಎಂದರೆ ಉಪನಯನ, ನಮ್ಮಲ್ಲಿ ಅಪರೂಪಕ್ಕೊಮ್ಮೆ ಎಲ್ಲ ಬಂಧುಬಳಗ ಸೇರುವ ಸಮಾರಂಭ.

ಉಳಿದದ್ದು ಮೂಡಣದ ಮಾಪಕ. ಅದನ್ನು ತಾರಸಿಯಿಂದ ಇಳಿಸಿ ಬಯಲಲ್ಲಿ ಹಾಕಬೇಕಿತ್ತು. ಸುತ್ತ ಮರ, ಗೋಡೆ, ಟಾಕಿ ಇರಬಾರದು. ಊರಲ್ಲಿ ಯಾರೂ ಜಾಗ ಕೊಡಲಿಲ್ಲ. ಶಾಲೆಯವರು ಮಕ್ಕಳು ಮುರಿಯುತ್ತಾರೆಂದರು. ಪಂಚಾಯಿತಿಯ ಕಾರ್ಯದರ್ಶಿ ಬಾಗಿಲಿಗೇ ಬರಲಿಲ್ಲ. ತಂತ್ರಜ್ಞನೂ ನಾನೂ ಕಂಬ ಹಿಡಿದು ರಸ್ತೆಯ ಮೇಲೆ ನಿಂತಿದ್ದಾಗ, ಆ ಹೆಂಗಸು ಬೀಜದ ಚೀಲ ಹೊತ್ತು ಎದುರಿಗೆ ಬಂದಳು.

“ಎಷ್ಟ ಜಾಗಾ ಬೇಕ್ರಿ ಅದಕ್ಕ?”

ತೋರಿಸಿದೆ. ಒಂದು ಮಂಚ ಹಾಕುವಷ್ಟು.

“ನನ್ನ ಹೊಲದ ಬದುವಿಗೆ ಹಾಕ್ರಿ. ಬೇಲಿ ನೀವ ಹಾಕಬೇಕು. ನಿಮ್ಮ ಮ್ಯಾಲ ವಿಶ್ವಾಸ ಐತಿ ಅಂತ ಅಲ್ಲ. ಇಲ್ಲೇ ಇದ್ರ ಅದು ಏನೇನ ಸುಳ್ಳ ಹೇಳ್ತೈತಿ ಅಂತ ನಾ ನೋಡ್ತಿರ್ತೀನಿ.”

ಕಂಬ ನಿಲ್ಲಿಸುವಾಗ ಆಕೆ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು. ಬಟ್ಟಲು ಹೇಗೆ ವಾಲುತ್ತದೆಂದು ಕೇಳಿದಳು. ಒಂದು ತಂಬಿಗೆ ನೀರು ತಂದು ಸುರಿಯಲು ಹೋದಾಗ ಬೇಡ ಎಂದೆ. ಅದೂ ಸುಳ್ಳು ಮಳೆಯೇ ಆಗುತ್ತದೆ ಎಂದು ಹೇಳಿದೆ. ನೀರನ್ನು ತಾನೇ ಕುಡಿದಳು. ನನಗೆ ಬೇಕೇ ಎಂದು ಕೇಳಲಿಲ್ಲ. ನನ್ನ ಫೋನ್ ನಂಬರು ಮಾತ್ರ ಎರಡು ಸಲ ಹೇಳಿಸಿಕೊಂಡಳು. ಈ ಸಲ ಯಾವಾಗ ಬಿತ್ತಲಿ ಎಂದಾಗ, ಪಡುವಣ ಗಾಳಿ ಮೇಲಿನವರೆಗೂ ತಿರುಗಿದೆ, ಬಿತ್ತಿ ಎಂದೆ. ‘ನೋಡೂಣು’ ಎಂದಳು.

ಕೆಲವು ದಿನಗಳ ಮೇಲೆ, ಮಧ್ಯಾಹ್ನ ಕಚೇರಿಯಲ್ಲಿದ್ದಾಗ ಆಕೆಯ ಫೋನು ಬಂತು. ಹಿಂದೆ ಜೋರು ಮಳೆಯ ಸದ್ದು. ತಗಡಿನ ಕೆಳಗೆ ನಿಂತಿದ್ದಿರಬೇಕು.

“ಮಳಿ ಬಂತು ಬಾಯಾರ. ನಿಮ್ಮ ಮಶೀನ್ ಏನಂತೈತಿ?”

ಪರದೆ ನೋಡಿದೆ. ಆ ಊರಿನ ಮುಂದೆ ಅಂಕಿ ಏರುತ್ತಿತ್ತು. ಬಿಸಿಲಿನ ಅಂಕಿ ಸೊನ್ನೆಗಿಳಿದಿತ್ತು, ಉಷ್ಣಾಂಶವೂ ಇಳಿದಿತ್ತು. ಎಲ್ಲ ಒಂದಕ್ಕೊಂದು ಕೂಡುತ್ತಿದ್ದವು. ಎಷ್ಟೆಂದು ಓದಿ ಹೇಳಿದೆ.

“ಅಷ್ಟ ಅಲ್ರಿ,” ಎಂದಳು. “ಇನ್ನೂ ಹೆಚ್ಚ ಬಂದೈತಿ. ಸರಿಯಾಗಿ ನೋಡ್ರಿ.”

ಫೋನ್ ಇಟ್ಟುಬಿಟ್ಟಳು.